ಮಲ್ಲಿಕಕ್ಕನ ಬುಧವಾರಗಳು

ಕಡೂರು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಮಲ್ಲಿಕಾಂಬನ ಬಗ್ಗೆ ಬರೆಯುತ್ತಿದ್ದೇನೆ ಎಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕರು. ಅವಳ ಬಗ್ಗೆ ಬರೆಯೋಕೆ ಏನಿದೆ ಗುರುಮೂರ್ತಿ, ಅಂದರು. ನಗಲಿ ಬಿಡಿ. ಈ ಊರಿನ ಅರ್ಧ ಜನರ ಸಂಸಾರದ ತಾಪತ್ರಯಗಳನ್ನೆಲ್ಲ ಟೈಪ್ ಮಾಡಿಕೊಟ್ಟವಳು ಅವಳು, ಅವಳ ಸಂಸಾರ ಏನಾಯಿತು ಎಂದು ಕೇಳಿದವರು ಒಬ್ಬರೂ ಇಲ್ಲ. ನಾನೂ ಈ ಊರಿನವನೇ. ಆದ್ದರಿಂದ ಮುಂದೆ ಯಾರನ್ನಾದರೂ ಬೈದರೆ ಅದರಲ್ಲಿ ದೊಡ್ಡ ಪಾಲು ನನ್ನದೇ ಎಂದು ತಿಳಿಯಬೇಕು.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಅತಿಥಿ ಉಪನ್ಯಾಸಕ. ಹದಿನಾಲ್ಕು ವರ್ಷದಿಂದ ಅತಿಥಿ. ಬೇರೆ ಯಾವ ಮನೆಯಲ್ಲಾದರೂ ಇಷ್ಟು ವರ್ಷ ಇದ್ದಿದ್ದರೆ ಮನೆಯವನೇ ಆಗಿರುತ್ತಿದ್ದೆ.

ಮಲ್ಲಿಕಕ್ಕ ನಮ್ಮ ಬೀದಿಯವಳು, ನನಗಿಂತ ಎಂಟು ವರ್ಷ ದೊಡ್ಡವಳು. ಅವಳಪ್ಪ ತೀರ್ಥಪ್ಪನವರದು ತೆಂಗಿನಕಾಯಿ ವ್ಯಾಪಾರ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಟೈಪಿಂಗ್ ಪಾಸು ಮಾಡಿದ ಬೀದಿಯ ಮೊದಲ ಹುಡುಗಿ ಅವಳು. ಅಜ್ಜಂಪುರದ ಕಡೆಯ ಒಂದು ಗಂಡು ಗೊತ್ತಾದ ವರ್ಷವೇ ಅವಳ ತಾಯಿಗೆ ಪಾರ್ಶ್ವವಾಯು ಹೊಡೆಯಿತು. ಗಂಡಿನ ಮನೆಯವರು ಆರು ತಿಂಗಳು ಕಾದು ಬೇರೆ ಕಡೆ ನೋಡಿಕೊಂಡರು. ಹನ್ನೊಂದು ವರ್ಷ ತಾಯಿಯನ್ನು ಮಗ್ಗುಲು ಬದಲಿಸಿ, ತಲೆ ಬಾಚಿ, ಗಂಜಿ ಕುಡಿಸಿದಳು. ತಾಯಿ ಹೋದಾಗ ಅವಳಿಗೆ ನಲವತ್ತು ಹತ್ತಿರ ಬಂದಿತ್ತು. ಮರುವರ್ಷ ಅಪ್ಪನೂ ಹೋದರು. ತಮ್ಮ ಸಿದ್ದಲಿಂಗೇಶ್ ತರೀಕೆರೆಯಲ್ಲಿ ಮನೆ ಕಟ್ಟಿಸಿ ಹೆಂಡತಿ ಮಕ್ಕಳೊಂದಿಗೆ ಅಲ್ಲಿಗೆ ಹೋದ. ಅಕ್ಕ ಗೃಹಪ್ರವೇಶಕ್ಕೆ ಹೋಗಿ, ಬಡಿಸುವ ಕೆಲಸವನ್ನೆಲ್ಲ ಮಾಡಿ, ಸಂಜೆಯ ಬಸ್ಸಿಗೆ ವಾಪಸು ಬಂದಳು. ಅವಳು ಈಗ ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದಾಳೆ.

ಖಾತೆ ಬದಲಾವಣೆಯ ಅರ್ಜಿ, ಅಣ್ಣತಮ್ಮಂದಿರ ಪಾಲಿನ ಕರಡು, ಗಂಡನ ಮೇಲಿನ ದೂರು, ವಿಚ್ಛೇದನದ ನೋಟಿಸಿಗೆ ಉತ್ತರ, ಎಲ್ಲ ಅವಳ ಟೇಬಲ್ಲಿಗೇ ಬರುತ್ತವೆ. ಒಂದು ಕಾಮಾ ಬಿಟ್ಟವಳಲ್ಲ, ಒಂದು ಮಾತು ಹೊರಗೆ ಹಾಕಿದವಳಲ್ಲ. ಆದರೆ ನಮ್ಮ ಜನರ ಬುದ್ಧಿ ನೋಡಿ. ತಮ್ಮ ಗುಟ್ಟು ಗೊತ್ತಿರುವವಳ ಮುಖ ನೋಡಲು ಅವರಿಗೆ ಆಗುವುದಿಲ್ಲ. ಸಂತೆಯಲ್ಲಿ ಅವಳು ಎದುರಾದರೆ ಸೊಪ್ಪಿನ ಕಟ್ಟು ನೋಡುವವರಂತೆ ಬಗ್ಗಿಬಿಡುತ್ತಾರೆ. ವಿಮಲಮ್ಮ ಅಂತ ಒಬ್ಬರು ಸೊಸೆಯ ಮೇಲೆ ಮೂರು ಪುಟದ ದೂರು ಬರೆಸಿದರು. ಆಮೇಲೆ ಅತ್ತೆ ಸೊಸೆ ಒಂದಾದರು, ಸಂತೋಷ. ಸೊಸೆಯ ಸೀಮಂತಕ್ಕೆ ಇಡೀ ಬೀದಿಯನ್ನು ಕರೆದರು, ಮಲ್ಲಿಕಕ್ಕನನ್ನು ಬಿಟ್ಟು. ಆ ಮಧ್ಯಾಹ್ನ ನಾನು ಹೋಳಿಗೆ ತಿಂದು ಬಂದು ಅವಳ ಅಂಗಡಿಯಲ್ಲಿ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿದೆ.

ಹೀಗಿರುವಾಗ ನಮ್ಮ ಕಾಲೇಜಿಗೆ ಫಿನ್ಲೆಂಡಿನ ಒಂದು ಕಾಲೇಜಿನ ಜೊತೆ ಆನ್‌ಲೈನ್ ಸಂವಾದದ ಕಾರ್ಯಕ್ರಮ ಬಂತು. ಪ್ರತಿ ಬುಧವಾರ ನಾಲ್ಕು ಗಂಟೆಗೆ ನಮ್ಮ ಆರು ಜನ, ಅವರ ಆರು ಜನ ಕಂಪ್ಯೂಟರಿನಲ್ಲಿ ಮುಖಾಮುಖಿ ಕೂತು ಮಾತಾಡಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಪರಸ್ಪರರ ಸಂಸ್ಕೃತಿ ಅರಿಯುವುದು ಉದ್ದೇಶ. ಎಲ್ಲ ಸರಿ, ಕಾಲೇಜಿನ ಲ್ಯಾಬಿನಲ್ಲಿ ಇಂಟರ್ನೆಟ್ಟೇ ಸತ್ತು ತಿಂಗಳಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತಾಯಿತು ನಮ್ಮ ಕಥೆ. ನಾನು ಹೋಗಿ ಮಲ್ಲಿಕಕ್ಕನನ್ನು ಕೇಳಿದೆ. ಅವಳು ಹಿಂದೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಒಳಕೋಣೆಯಲ್ಲಿ ದೊಡ್ಡ ಪರದೆ, ಕ್ಯಾಮೆರಾ, ಬೆಂಚು ಎಲ್ಲ ಹಾಗೇ ಇದ್ದವು. ಒಂದು ಗಂಟೆ ಅಂದರೆ ಒಂದೇ ಗಂಟೆ, ಗಿರಾಕಿಗಳಿಗೆ ತೊಂದರೆ ಆಗಬಾರದು ಎಂದು ಗದರಿಸಿಯೇ ಒಪ್ಪಿಕೊಂಡಳು.

ಮೊದಲ ಬುಧವಾರ ಬಾಗಿಲಲ್ಲಿ ನಿಂತು ನೋಡಿ ಹೋದಳು. ಎರಡನೆಯದಕ್ಕೆ ಒಂದು ಸ್ಟೂಲು ತಂದು ಹುಡುಗರ ಹಿಂದೆ ಗೋಡೆಗೆ ಒರಗಿ ಕೂತಳು. ಮೂರನೆಯ ವಾರ ಅಂಗಡಿಯ ಷಟರನ್ನು ಅರ್ಧ ಎಳೆದು, ಗಿರಾಕಿಗಳಿಗೆ ಐದು ಗಂಟೆಗೆ ಬನ್ನಿ ಅಂದಳು. ನಾಲ್ಕನೆಯ ವಾರ ಇಸ್ತ್ರಿ ಮಾಡಿದ ಸೀರೆ ಉಟ್ಟು, ಎಲ್ಲರಿಗೂ ಕಾಫಿ ಮಾಡಿದ್ದಳು. ಹುಡುಗರು ಥ್ಯಾಂಕ್ಸ್ ಆಂಟಿ ಅಂತ ಗಟಗಟ ಕುಡಿದರು. ಸಂವಾದ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಅವಳಿಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತೇ ಹೊರತು ಆ ವೇಗದ ಮಾತು ಹತ್ತುತ್ತಿರಲಿಲ್ಲ. ಆದರೂ ಒಂದು ಗಂಟೆ ಕದಲದೆ ಕೂರುತ್ತಿದ್ದಳು.

ಆ ವಾರ ಹಿಲ್ಮಾ ಎಂಬ ಫಿನ್ಲೆಂಡಿನ ಹುಡುಗಿ, ಒಂಟಿ ಅನ್ನಿಸಿದಾಗ ನೀವು ಯಾರ ಹತ್ತಿರ ಹೇಳಿಕೊಳ್ಳುತ್ತೀರಿ ಎಂದು ಕೇಳಿದಳು. ಪಂಚನಹಳ್ಳಿಯ ನಮ್ಮ ವಿಜಯ್ ಎದೆ ಉಬ್ಬಿಸಿ, ನಮ್ಮ ದೇಶದಲ್ಲಿ ಯಾರೂ ಒಂಟಿ ಇರುವುದಿಲ್ಲ, ಮನೆ ತುಂಬ ಜನ, ಬೀದಿ ತುಂಬ ನೆಂಟರು ಅಂದ. ಅವನ ವ್ಯಾಕರಣ ಸರಿಯಾಗಿತ್ತೆಂದು ನಾನು ಬೀಗಿದೆ. ಹುಡುಗರು ಹೋದ ಮೇಲೆ ಲೋಟ ತೊಳೆಯುತ್ತ ಅಕ್ಕ, ಆ ಹುಡುಗಿ ಏನು ಕೇಳಿದಳು ಅಂದಳು. ಹೇಳಿದೆ. ನಮ್ಮ ಹುಡುಗ ಏನಂದ ಅಂದಳು. ಅದನ್ನೂ ಹೇಳಿದೆ. ಹ್ಞೂಂ ಅಂದು ಲೋಟಗಳನ್ನು ಬೋರಲು ಹಾಕಿದಳು. ನೀನೇನು ಹೇಳುತ್ತಿದ್ದೆ ಅಕ್ಕ ಎಂದು ನಾನು ಕೇಳಬಹುದಿತ್ತು. ಹಿತ್ತಲ ಗಿಡ ಮದ್ದಲ್ಲವಲ್ಲ, ಫಿನ್ಲೆಂಡಿನವರ ಮನಸ್ಸು ತಿಳಿಯಲು ಹೊರಟವನು ಬೈಕ್ ಹತ್ತಿ ಮನೆಗೆ ಹೋದೆ.

ಐದನೆಯ ವಾರದ ಹೊತ್ತಿಗೆ ಲ್ಯಾಬಿನ ಇಂಟರ್ನೆಟ್ ಸರಿಹೋಯಿತು. ವಿದ್ಯಾರ್ಥಿಗಳು ತಮ್ಮ ಮೊದಲ ಅನಿಸಿಕೆಯನ್ನು ಕನ್ನಡದಲ್ಲಿ ಬರೆದುಕೊಡಲಿ, ಅದನ್ನು ನೋಡಿ ಇನ್ನು ಮುಂದೆ ಎಲ್ಲಿ ನಡೆಸಬೇಕೆಂದು ತೀರ್ಮಾನಿಸೋಣ ಎಂದರು ಪ್ರಾಂಶುಪಾಲರು. ನಾನು ಆರು ಕಾಗದಗಳನ್ನೂ ಟೈಪಿಗೆ ಕೊಡುವಾಗ, ಇದರ ಮೇಲೇ ಬುಧವಾರದ ಭವಿಷ್ಯ ನಿಂತಿದೆ ಅಕ್ಕ ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ, ಕಾಗದ ತೆಗೆದುಕೊಂಡಳು.

ಅನಿಸಿಕೆಗಳು ಚೆನ್ನಾಗಿದ್ದವು. ಅವರು ಮಾತಿನ ಮಧ್ಯೆ ಸುಮ್ಮನಾಗುತ್ತಾರೆ, ನಾನು ನೆಟ್ ಹೋಯಿತೆಂದು ಮೂರು ಸಲ ಹಲೋ ಹಲೋ ಅಂದೆ ಎಂದು ವಿಜಯ್ ಬರೆದಿದ್ದ. ಇನ್ನೊಬ್ಬ, ಅವರು ಊಟ ಆಯ್ತಾ ಎಂದು ಕೇಳಲೇ ಇಲ್ಲ, ಕೊಬ್ಬು ಅಂದುಕೊಂಡೆ, ಆಮೇಲೆ ಒಳ್ಳೆಯವರೆಂದು ತಿಳಿಯಿತು ಎಂದು ಬರೆದಿದ್ದ. ಹಿರೇನಲ್ಲೂರಿನ ಸಂಗೀತಾ, ನನ್ನ ಮಾತು ಮುಗಿಯುವವರೆಗೂ ಕಾದವರು ಇವರೇ ಮೊದಲು ಎಂದು ಬರೆದಿದ್ದಳು. ಟೈಪಾದದ್ದನ್ನು ಅವಳು ಎಂದಿನಂತೆ ಓದಿ ಒಪ್ಪಿಸುವಾಗ ಅರ್ಧ ಕಿವಿಯಲ್ಲಿ ಕೇಳಿ, ಸರಿಯಾಗಿ ಓದದೆ ಸಹಿ ಹಾಕಿ ಕೊಟ್ಟೆ. ಯಾರೂ ಜಾಗದ ಬಗ್ಗೆ ತಕರಾರು ಮಾಡಿಲ್ಲವಲ್ಲ, ಅಂಗಡಿಯಲ್ಲೇ ಮುಂದುವರಿಸಿ ಅಂದರು ಪ್ರಾಂಶುಪಾಲರು.

ಮರುದಿನ ಸಂಗೀತಾ ಬಂದು, ತಾನು ಬರೆದಿದ್ದ ಕೊನೆಯ ಸಾಲು ಇದರಲ್ಲಿ ಇಲ್ಲ ಸರ್ ಅಂದಳು. ಕೈಬರಹ ತೆಗೆದು ನೋಡಿದೆ. ಅಂಗಡಿಯಲ್ಲಿ ಬಸ್ಸಿನ ಹಾರ್ನು ಜಾಸ್ತಿ, ಕಾಲೇಜಿನಲ್ಲೇ ನಡೆದರೆ, ಸ್ಟ್ಯಾಂಡಿನಿಂದ ಐದಕ್ಕೆ ಬಿಡುವ ಬಸ್ಸು ಕಾಲೇಜಿನ ಗೇಟಿಗೆ ಬರುವಾಗ ನನಗೆ ಸಿಗುತ್ತದೆ ಎಂದು ಬರೆದಿದ್ದಳು. ಇನ್ನೂ ಮೂವರ ಕಾಗದದಲ್ಲಿ ಅದೇ ಮಾತು ಇತ್ತು. ನಾಲ್ಕೂ ಕಡೆ ಆ ಸಾಲು ಮಾತ್ರ ಟೈಪಾಗಿರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಸಹಿ ನನ್ನದಲ್ಲವೇ? ನೇರ ಹೋಗಿ ಕಾಗದಗಳನ್ನು ಅವಳ ಟೇಬಲ್ ಮೇಲೆ ಕುಕ್ಕಿದೆ. ಟೈಪ್ ಮಾಡುವುದಷ್ಟೇ ನಿನ್ನ ಕೆಲಸ, ಯಾವುದು ಇರಬೇಕು ಯಾವುದು ಬೇಡ ಎಂದು ಆರಿಸಲು ನೀನು ಯಾರು ಎಂದು ಕೇಳಿದೆ. ಎದುರಿಗೆ ಜೆರಾಕ್ಸಿಗೆ ಬಂದಿದ್ದ ಇಬ್ಬರು ನಿಂತಿದ್ದರು, ಅವರ ಮುಂದೆಯೇ ಕೇಳಿದೆ. ಅವರು ಹೋಗುವವರೆಗೂ ಅವಳು ತಲೆ ಎತ್ತಲಿಲ್ಲ.

"ಬಿಟ್ಟಿದ್ದು ಹೌದು ಕಣೋ ಗುರು," ಅಂದಳು ಆಮೇಲೆ. "ಈ ಅಂಗ್ಡಿಗೆ ಬರೋರೆಲ್ಲ ನಿಂತ್ಕೊಂಡೇ ಬತ್ತಾರೆ, ನಿಂತ್ಕೊಂಡೇ ಹೋಗ್ತಾರೆ. ಬುಧವಾರ ಒಂದಿನ ಆರು ಜನ ಬಂದು ಕೂತ್ಕೋತಾರೆ. ಅದೂ ಹೋಗ್ಬಿಟ್ರೆ ಅಂತ ಹೆದ್ರಿಕೆ ಆಯ್ತು."

ಅವಳೇ ಕಂಪ್ಯೂಟರಿನ ಕಡೆ ತಿರುಗಿ, ಕೈಬರಹ ಪಕ್ಕಕ್ಕಿಟ್ಟುಕೊಂಡು, ಬಿಟ್ಟಿದ್ದ ನಾಲ್ಕು ಸಾಲುಗಳನ್ನೂ ಒಂದೊಂದಾಗಿ ಅವುಗಳ ಜಾಗಕ್ಕೆ ಹಾಕಿದಳು. ಹೊಸದಾಗಿ ಪ್ರಿಂಟ್ ತೆಗೆದುಕೊಟ್ಟಳು. ಪ್ರಾಂಶುಪಾಲರಿಗೆ ಟೈಪಿಂಗ್ ತಪ್ಪು ಎಂದು ಸುಳ್ಳು ಹೇಳಿದೆ. ಅವರು ಓದಿ, ಹಾಗಾದರೆ ಮುಂದಿನ ಬುಧವಾರದಿಂದ ಲ್ಯಾಬಿಗೇ ಬರಲಿ ಅಂದರು. ಹುಡುಗರದು ತಪ್ಪೆನ್ನಲು ಬರುವುದಿಲ್ಲ, ಹಿರೇನಲ್ಲೂರಿಗೆ ಐದರ ಬಸ್ಸು ತಪ್ಪಿದರೆ ಆ ಹುಡುಗಿ ಆರೂವರೆಯವರೆಗೂ ಕಾಯಬೇಕಿತ್ತು.

ಅದೇ ವಾರ ಫಿನ್ಲೆಂಡಿನ ವಿದ್ಯಾರ್ಥಿಗಳ ಅನಿಸಿಕೆಗಳು ಈಮೇಲಿನಲ್ಲಿ ಬಂದವು. ಪ್ರಿಂಟಿಗೆಂದು ಅಂಗಡಿಗೆ ಹೋದೆ. ಮೆಷಿನ್ನಿನಿಂದ ಹಾಳೆ ಬರುತ್ತಿದ್ದಂತೆ ಹಿಲ್ಮಾಳದನ್ನು ನಿಂತಲ್ಲೇ ಓದಿ, ತಡೆಯಲಾಗದೆ ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಬರೆದಿದ್ದಳು: ವಿಜಯ್ ಹೇಳಿದ್ದು ನಿಜ. ಅವರ ಹಿಂದೆ ಅವರ ತಾಯಿ ಯಾವಾಗಲೂ ಕೂತಿರುತ್ತಾರೆ. ಏನೂ ಮಾತಾಡುವುದಿಲ್ಲ, ಆದರೆ ಒಂದು ಗಂಟೆ ಎದ್ದು ಹೋಗುವುದೂ ಇಲ್ಲ. ಮಕ್ಕಳಿಗೆ ಕಾಫಿ ಕೊಡುತ್ತಾರೆ. ನಾನು ನನ್ನ ಕೋಣೆಯಲ್ಲಿ ಒಬ್ಬಳೇ ಇರುತ್ತೇನೆ, ಬುಧವಾರ ಆ ತಾಯಿಯ ಮುಖ ನೋಡಿದರೆ ನನಗೂ ಸಮಾಧಾನವಾಗುತ್ತದೆ.

ಅಕ್ಕ ಇನ್ನೊಂದು ಸಲ ಓದಿಸಿದಳು. ತಾಯಿ ಅಂತಲೇ ಬರೆದಿದ್ದಾಳಾ, ಯಾವ ಸಾಲು ತೋರಿಸು ಅಂದಳು. ತೋರಿಸಿದೆ. ಆ ಇಂಗ್ಲಿಷ್ ಪದದ ಮೇಲೆ ಬೆರಳಿಟ್ಟು ತಾನೇ ಕೂಡಿಸಿ ಓದಿಕೊಂಡಳು. ಅವಳ ಮುಖದಲ್ಲಿ ಅಂಥ ನಗು ನಾನು ಚಿಕ್ಕಂದಿನಿಂದ ನೋಡಿರಲಿಲ್ಲ.

"ತಪ್ಪು ತಿಳ್ಕೊಂಡೈತೆ ಮಗು," ಅಂದಳು. ಹಾಳೆಯ ಮೇಲಿಂದ ಬೆರಳು ತೆಗೆಯದೆ, "ಇರ್ಲಿ ಬಿಡು ಗುರು, ಹೇಳ್ಬೇಡ. ಅಷ್ಟು ದೂರದಲ್ಲಿ ಒಬ್ಳು ಹಂಗಂದ್ಕೊಂಡ್ರೆ ಯಾರಪ್ಪನ ಗಂಟು ಹೋಗ್ತದೆ?"

ಹೇಳಲ್ಲ ಬಿಡಕ್ಕ ಅಂದೆ. ಬುಧವಾರ ಹೋದರೂ ಅವಳಿಗೆ ಇದೊಂದು ಉಳಿಯಿತಲ್ಲ ಎಂದು ನಿಜವಾಗಿಯೂ ಸಂತೋಷಪಟ್ಟೆ.

ಮೂರು ದಿನ ಬಿಟ್ಟು ಪ್ರಾಂಶುಪಾಲರು ಕರೆಸಿದರು. ಹಿಲ್ಮಾಳ ಕಾಗದಕ್ಕೆ ಕೆಂಪು ಗೆರೆ ಎಳೆದಿದ್ದರು. ಇದು ಯಾರ ತಾಯಿ, ಹೊರಗಿನವರನ್ನು ಯಾಕೆ ಕೂರಿಸಿಕೊಂಡಿರಿ, ನಾಳೆ ತಪಾಸಣೆಗೆ ಬಂದವರು ಕೇಳಿದರೆ ಏನು ಹೇಳಲಿ ಎಂದು ರೇಗಿದರು. ಫೈಲಿಗೆ ಕನ್ನಡದಲ್ಲಿ ಒಂದು ಸ್ಪಷ್ಟೀಕರಣ, ಫಿನ್ಲೆಂಡಿನವರಿಗೆ ಇಂಗ್ಲಿಷಿನಲ್ಲಿ ಒಂದು, ಇವತ್ತೇ ಆಗಬೇಕು ಅಂದರು. ಅವರು ನಮ್ಮ ಅಕ್ಕ ಇದ್ದ ಹಾಗೆ ಸರ್, ಅಷ್ಟು ಬಿಟ್ಟುಬಿಡಿ ಎಂದು ನಾನು ಹೇಳಬಹುದಿತ್ತು. ಮುಂದಿನ ವರ್ಷದ ಅತಿಥಿಗಳ ಪಟ್ಟಿ ಅವರ ಟೇಬಲ್ ಮೇಲೇ ಇತ್ತು. ಆಗಲಿ ಸರ್ ಅಂದೆ. ಸ್ಟಾಫ್ ರೂಮಿನಲ್ಲಿ ಕೂತು ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದೆ. ಬರೆದು ಜೇಬಿಗೆ ಹಾಕಿಕೊಂಡು ಹೊರಟೆ.

ಕಾಲು ಎಲ್ಲಿಗೆ ಹೋಯಿತು ನೋಡಿ. ಹದಿನಾಲ್ಕು ವರ್ಷದಿಂದ ಕಾಗದ ಹಿಡಿದು ಹೊರಟರೆ ಅವಳ ಅಂಗಡಿಗೇ ಹೋಗುವ ಕಾಲು. ಬೇಕೆಂದು ಮಾಡಿದ್ದಲ್ಲ, ದೇವರಾಣೆ. ಆ ಕಾಗದವನ್ನು ಓದುವ ಒಂದು ಜೀವ ಅಲ್ಲಿ ಕೂತಿದೆ ಎಂಬುದನ್ನೇ ಮರೆತಿದ್ದೆ. ಅರ್ಜೆಂಟು ಅಕ್ಕ ಎಂದು ಕೊಟ್ಟು, ಫೋನು ನೋಡುತ್ತ ನಿಂತೆ. ಕೀಲಿಗಳ ಸದ್ದು ಎಂದಿನಂತೆ ಶುರುವಾಯಿತು. ನಡುವೆ ಒಮ್ಮೆ ನಿಂತಿತು. ಆಗ ನನಗೆ ಹೊಳೆಯಿತು. ಕೊಡಕ್ಕ, ಇದು ಬೇಡ ಎಂದು ಕೈ ಚಾಚುವಷ್ಟರಲ್ಲಿ ಸದ್ದು ಮತ್ತೆ ಶುರುವಾಗಿತ್ತು.

ಟೈಪಾದದ್ದನ್ನು ಗಟ್ಟಿಯಾಗಿ ಓದಿ ಒಪ್ಪಿಸದೆ ಅವಳು ಯಾರಿಗೂ ಕಾಗದ ಕೊಡುವುದಿಲ್ಲ. ಅವತ್ತೂ ಕನ್ನಡಕ ಸರಿಮಾಡಿಕೊಂಡು, ಯಾರದೋ ಖಾತೆಯ ಅರ್ಜಿ ಓದುವ ದನಿಯಲ್ಲಿ ಓದಿದಳು.

"ಸದರಿ ಸಂವಾದಗಳಲ್ಲಿ ವಿದ್ಯಾರ್ಥಿಗಳ ಹಿಂದೆ ಕಾಣಿಸಿಕೊಂಡಿರುವ ಮಹಿಳೆ ಯಾರ ತಾಯಿಯೂ ಅಲ್ಲ. ಆಕೆಗೂ ವಿದ್ಯಾರ್ಥಿಗಳಿಗೂ ಯಾವುದೇ ಸಂಬಂಧವಿಲ್ಲ. ಮುಂದಿನ ಸಂವಾದಗಳಲ್ಲಿ ಆಕೆ ಇರುವುದಿಲ್ಲ."

ಓದಿ ಮುಗಿಸಿ ಕಾಗದವನ್ನು ನನ್ನ ಕಡೆ ತಿರುಗಿಸಿದಳು.

"ಸರಿ ಇದ್ಯಾ ನೋಡ್ಕೊಳಪ್ಪಾ. ಈ ಸಲ ಏನೂ ಬಿಟ್ಟಿಲ್ಲ."

ನಾನು ನೋಡಿದೆ. ಸರಿ ಇದೆ ಅಕ್ಕ, ಅಂದೆ.