ಅಂಜಿನಮ್ಮನ ಕೈಗೊಂದು ಸರ್ಟಿಫಿಕೇಟು

ದೊಡ್ಡನೆಕ್ಕುಂದಿಯ ಲ್ಯಾಬೊಂದರಲ್ಲಿ ಹನ್ನೊಂದು ವರ್ಷದಿಂದ ನನ್ನ ಕೆಲಸ ಬಣ್ಣದ ಡಬ್ಬಿಗಳ ಲೇಬಲ್ ಓದುವುದು. ಕ್ರೆಯಾನ್, ಪೋಸ್ಟರ್ ಕಲರ್, ವಾರ್ನಿಶ್, ಯಾವುದರಲ್ಲಿ ಏನಿದೆ, ಯಾರಿಗೆ ಅಪಾಯ ಎಂದು ನೋಡುತ್ತೇನೆ. ಎಚ್ಚರಿಕೆಯ ಚಿಹ್ನೆ ಎರಡು ಮಿಲಿಮೀಟರ್ ಚಿಕ್ಕದಾಗಿದ್ದರೂ ಇಡೀ ಲಾಟು ವಾಪಸ್. ಹೊರಮಾವಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಹೆಸರು ಸೇಫ್ಟಿ ಮೇಡಂ. ಹಾಗನ್ನಿಸಿಕೊಳ್ಳಲು ನಾನೂ ಸಾಕಷ್ಟು ಶ್ರಮಪಟ್ಟಿದ್ದೇನೆ.

ನಮ್ಮಲ್ಲಿ ಕೆಲಸಕ್ಕೆ ಬರುವ ಅಂಜಿನಮ್ಮ ಇಲ್ಲಿಗೆ ನಮಗಿಂತ ಹಳಬರು. ಈಗ ಲಿಫ್ಟ್ ಇರುವ ಜಾಗದಲ್ಲಿ ಅವರಪ್ಪ ಬದನೆ ಬೆಳೆಯುತ್ತಿದ್ದರಂತೆ. ಹತ್ತೊಂಬತ್ತಕ್ಕೆ ಗಾರ್ಮೆಂಟ್ಸ್ ಸೇರಿ, ಕಣ್ಣು ಮಂಜಾಗುವವರೆಗೆ ಶರಟಿನ ಕಾಲರ್ ಹೊಲಿದರು. ಈಗ ಐವತ್ತಮೂರು. ನಮ್ಮಲ್ಲಿ ಪಾತ್ರೆ, ಕೆಳಗಿನ ಮನೆಯ ಪದ್ಮಶ್ರೀಯವರಲ್ಲಿ ಅಡುಗೆ. "ಪಾತ್ರೆ ಯಾರಾದ್ರೂ ತಿಕ್ತಾರೆ. ಚಪಾತಿ ಅಂದ್ರೆ ಮಾತ್ರ ಅಂಜಿನಮ್ಮ" ಎನ್ನುವುದು ಅಂಜಿನಮ್ಮನವರದೇ ಮಾತು.

ಮಾರ್ಚಿನಲ್ಲಿ ಅವರ ಬೆರಳುಗಳು ಕೆಂಪಾಗಿ ಒಡೆದವು. "ಏನೋ ಅಂಟುಜಾಡ್ಯ. ಈ ಕೈಯಲ್ಲಿ ಹಿಟ್ಟು ಮುಟ್ಬೇಡಿ. ಮುಂದಿನ ತಿಂಗಳಿಂದ ಬೇರೆಯವರನ್ನ ನೋಡ್ಕೊತೀನಿ" ಎಂದುಬಿಟ್ಟರು ಪದ್ಮಶ್ರೀ.

ಪಾತ್ರೆ ಸೋಪೇ ಕಾರಣವೆಂದು ನಾನು ತೀರ್ಪು ಕೊಟ್ಟೆ. ಅರ್ಧ ಗಂಟೆ ಭಾಷಣ ಮಾಡಿ, ಗಿಡಮೂಲಿಕೆ ಸೋಪು ತಂದುಕೊಟ್ಟೆ.

"ಸೋಪು ಹುಟ್ಟಿದಾಗ್ನಿಂದ ಮುಟ್ತಿದೀನಿ ನಂದಿತಮ್ಮಾ. ಉರಿಯೋದು ಸೋಮವಾರ ಮಾತ್ರ."

"ಸೋಮವಾರ ಏನ್ಮಾಡ್ತೀರಾ?"

"ನೀವು ಭಾನುವಾರ ಮಾಡಿದ್ದನ್ನ ತೊಳೀತೀನಿ."

ಭಾನುವಾರ ನಾನು ಕಲಾವಿದೆ. ಎಣ್ಣೆಬಣ್ಣದಲ್ಲಿ ಹಲಸೂರು ಕೆರೆಯನ್ನು ಒಂಬತ್ತು ಸಲ ಬರೆದಿದ್ದೇನೆ. ಒಂಬತ್ತು ಸಲವೂ ಅದು ನೀಲಿ ಬಕೆಟ್ಟಿನಂತೆ ಬಂದಿದೆ. ಸೋಮವಾರ ಅಂಜಿನಮ್ಮ ನನ್ನ ಕುಂಚ ತೊಳೆಯುವ ಟರ್ಪೆಂಟೈನ್ ಸಿಂಕಿನ ಕೆಳಗಿತ್ತು, ನಿಂಬೆ ಸ್ಕ್ವಾಷಿನ ಹಳೇ ಬಾಟಲಿಯಲ್ಲಿ. ಅಂಗಡಿಯಿಂದ ಬಂದ ಡಬ್ಬಿಯ ಮೇಲೆ ಎಲ್ಲ ಇತ್ತು. ಬೆಂಕಿಯ ಚಿತ್ರ, ಆಶ್ಚರ್ಯಸೂಚಕ, ಚರ್ಮಕ್ಕೆ ಅಲರ್ಜಿಯಾಗಬಹುದು, ಕೈಗವಸು ಧರಿಸಿ. ಸುರಿಯಲು ಸುಲಭವೆಂದು ನಾನೇ ಬಾಟಲಿಗೆ ಬಗ್ಗಿಸಿ ಡಬ್ಬಿಯನ್ನು ಕಸಕ್ಕೆ ಹಾಕಿದ್ದೆ. ಕೈಗವಸು ನನ್ನ ಕೈಯಲ್ಲಿತ್ತು, ಚಿತ್ರ ಬರೆಯುವಾಗ.

ಲ್ಯಾಬಿನ ಫಾರ್ಮಿನಲ್ಲಿ 'ಬಳಸುವವರು' ಎಂಬ ಕಾಲಂ ಇದೆ. ಕಲಾವಿದರು, ವಿದ್ಯಾರ್ಥಿಗಳು ಎಂದು ಅಲ್ಲಿ ಹನ್ನೊಂದು ವರ್ಷ ತುಂಬಿದ್ದೇನೆ. ತೊಳೆಯುವವರು ಎಂದು ಒಮ್ಮೆಯೂ ಬರೆದಿಲ್ಲ.

ಶಿವಾಜಿನಗರದ ಚರ್ಮದ ಡಾಕ್ಟರಿಗೆ ತೋರಿಸಿದೆವು. ಅಂಟುವುದಲ್ಲ, ಟರ್ಪೆಂಟೈನ್ ಬಿಟ್ಟರೆ ವಾಸಿಯಾಗುತ್ತದೆ ಎಂದರು. ಪದ್ಮಶ್ರೀಗೆ ಆ ಚೀಟಿ ಸಾಲಲಿಲ್ಲ. ಅಡುಗೆಯವಳಿಗೆ ಪೇಂಟಿನ ಎಣ್ಣೆ ಎಲ್ಲಿಂದ ಬಂತು ಎಂದು ಕೇಳಿದರಂತೆ.

"ನಾನು ಬಂದು ಹೇಳ್ತೀನಿ" ಎಂದೆ.

"ಬಾಯಲ್ಲಿ ಬೇಡಮ್ಮಾ. ಊರಿನ ಡಬ್ಬಿಗೆಲ್ಲ ಬರ್ಕೊಡ್ತೀರಲ್ಲ, ನನ್ನ ಕೈಗೂ ಒಂದು ಬರ್ಕೊಡಿ."

ಬರೆದು ಓದಿದೆ. "ಒಂದು ಮನೆಯಲ್ಲಿ ಬಳಸಿದ ರಾಸಾಯನಿಕದಿಂದಾಗಿ ಇವರ ಕೈಗೆ..."

"ಯಾವ ಮನೆ?"

"ಅದೂ ಬೇಕಾ?"

"ತಯಾರಿಸಿದೋರ ಹೆಸರಿಲ್ದಿದ್ರೆ ಡಬ್ಬಿ ವಾಪಸ್ ಕಳಿಸ್ತೀನಿ ಅಂತ ಫೋನಲ್ಲಿ ಕಿರುಚ್ತಿದ್ರಲ್ಲ, ಮೊನ್ನೆ?"

ಮನೆ ನಂಬರ್ 304 ಎಂದು ಬರೆದೆ. ಅವರು ಕಾಗದ ಮುಟ್ಟಲಿಲ್ಲ. ಕೆಳಗೆ ನನ್ನ ಹೆಸರನ್ನೂ ಬರೆದೆ. ಆಗ ತೆಗೆದುಕೊಂಡರು.

ಪದ್ಮಶ್ರೀ ಅದರ ಫೋಟೋ ತೆಗೆದು ಅಪಾರ್ಟ್‌ಮೆಂಟಿನ ಗ್ರೂಪಿಗೆ ಹಾಕಿದರು. 'ಎಲ್ಲರ ಮಾಹಿತಿಗೆ, ಸೇಫ್ಟಿ ಮೇಡಂ ಮನೆಯಿಂದ.' ಹದಿನೇಳು ಜನ ನಕ್ಕರು. ಅದರಲ್ಲೊಬ್ಬರು ನನ್ನ ಗಂಡ ಪ್ರೇಮ್‌ಕುಮಾರ್. ಆದರೆ ಹೊಸ ಅಡುಗೆಯವರನ್ನು ಹುಡುಕುವುದು ನಿಂತಿತು. ಮೂರನೇ ವಾರಕ್ಕೆ ಬೆರಳು ವಾಸಿಯಾಗಿ ಅಂಜಿನಮ್ಮ ಕೆಳಗಿನ ಮನೆಯಲ್ಲಿ ಮತ್ತೆ ಹಿಟ್ಟು ಕಲಸಿದರು.

ಈಗ ಸೋಮವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಕೈಗವಸು ಹಾಕಿ ಕುಂಚ ತೊಳೆಯುವುದು ನಾನೇ. ಕಾಫಿ ಆಯ್ತಾ ಎಂದು ಒಳಗಿನಿಂದ ಪ್ರೇಮ್‌ಕುಮಾರ್ ಕೂಗುತ್ತಾರೆ. ಅಂಜಿನಮ್ಮ ದೂರದಲ್ಲೇ ನಿಂತು ಕತ್ತು ಚಾಚಿ ನೋಡುತ್ತಾರೆ.

"ಬುಡದಲ್ಲಿ ನೀಲಿ ಹಂಗೇ ಐತೆ. ಇನ್ನೊಂದ್ಸಲ ತೊಳೀರಿ."