ಅಕ್ಕ ಕೇಳಿದ ಒಂದೇ ಪ್ರಶ್ನೆ

ನಮ್ಮಕ್ಕ ಸಮಾಜಕಾರ್ಯಕರ್ತೆ. ಗಂಡನ ಹೊಡೆತ ತಾಳದೆ ಮಕ್ಕಳನ್ನು ಕಟ್ಟಿಕೊಂಡು ಮನೆ ಬಿಟ್ಟು ಬಂದ ಹೆಂಗಸರಿಗೆ ಆಶ್ರಯ ಕೊಡುವ ಕೇಂದ್ರದಲ್ಲಿ ಅವಳ ಕೆಲಸ. ಅಲ್ಲಿ ದುಡಿಯುವವರೆಲ್ಲ ಹೆಂಗಸರೇ. ಮುಖ್ಯಸ್ಥರ ಕುರ್ಚಿಗೆ ಮಾತ್ರ ಯಾವಾಗಲೂ ಗಂಡಸೇ ಬೇಕು. ಹಾಗೆ ಬಂದ ಮೂವರು ಮುಖ್ಯಸ್ಥರಿಗೂ ಪೊಲೀಸ್ ಠಾಣೆಯಲ್ಲಿ ಯಾರನ್ನು ಹಿಡಿಯಬೇಕು, ಅಳುವವಳ ಮುಂದೆ ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂದು ಅ ಆ ಇ ಈ ಕಲಿಸಿದವಳು ಇವಳೇ.

"ಮೇಷ್ಟ್ರನ್ನ ಬಿಟ್ಟು ಶಿಷ್ಯರಿಗೆಲ್ಲ ಬಡ್ತಿ ಕೊಡೋ ಶಾಲೆ ನಿಮ್ಮದು" ಎಂದು ನಾನು ರೇಗಿಸುತ್ತಿದ್ದೆ. ಅವಳು ನಗುತ್ತಿದ್ದಳು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಮೂರನೆಯವರು ನಿವೃತ್ತರಾದಾಗ ಅಕ್ಕ ತಾನೇ ಅರ್ಜಿ ಹಾಕಿದಳು. ಕೊನೆಯ ಸಂದರ್ಶನಕ್ಕೆ ಉಳಿದವರು ಇಬ್ಬರೇ: ಇವಳು, ಮತ್ತೆ ಯಾವುದೋ ಕಾರ್ಖಾನೆಯ ಮ್ಯಾನೇಜರ್. ಬೆಳಿಗ್ಗೆ ಸಮಿತಿಯ ಅಧ್ಯಕ್ಷರು ಅವಳನ್ನು ಕೇಳಿದ್ದು ಕೆಲಸದ ಬಗ್ಗೆ ಅಲ್ಲ.

"ಹೊತ್ತಲ್ಲದ ಹೊತ್ತಲ್ಲಿ ಹೋಗ್ಬೇಕಾಗುತ್ತೆ. ಮಕ್ಕಳನ್ನ ಯಾರು ನೋಡ್ಕೋತಾರಮ್ಮ?"

"ಅವರಪ್ಪ ಇದ್ದಾರೆ ಸಾರ್."

ಸಮಿತಿಯವರು ಮುಖ ಮುಖ ನೋಡಿಕೊಂಡರು. "ಗಂಡಸಿನ ಕೈಲಿ ಅದೆಲ್ಲ ಆಗುತ್ತೇನಮ್ಮ?" ಎಂದು ಅಧ್ಯಕ್ಷರು ನಕ್ಕರು. ನಮ್ಮ ಭಾವ ದಿನಾ ಇಬ್ಬರು ಹುಡುಗಿಯರ ಜಡೆ ಹೆಣೆದು ಶಾಲೆಗೆ ಕಳಿಸುವುದು ಅವರಿಗೇನು ಗೊತ್ತು!

ಎಡವಟ್ಟಾದದ್ದು ಆಮೇಲೆ. ಯಾರ ಸಂದರ್ಶನವಿದ್ದರೂ ಹಿರಿಯಳೆಂದು ಅಕ್ಕನನ್ನು ಸಮಿತಿಯ ಜೊತೆ ಕೂರಿಸಿಕೊಳ್ಳುವುದು ಅಲ್ಲಿನ ರೂಢಿ. ಅಭ್ಯಾಸಬಲ ನೋಡಿ, ಮ್ಯಾನೇಜರ್ ಒಳಗೆ ಬಂದ ಕೂಡಲೇ ಅಧ್ಯಕ್ಷರು, "ಅಮ್ಮನ್ನೂ ಕರೀರಿ, ಕೆಲಸದ ಪ್ರಶ್ನೆ ಅವರೇ ಕೇಳ್ಲಿ" ಎಂದುಬಿಟ್ಟರು. ಇವಳೂ ಅಭ್ಯರ್ಥಿಯೆಂಬುದು ಒಬ್ಬರಿಗೂ ಹೊಳೆಯಲಿಲ್ಲ. ನಾನಾಗಿದ್ದರೆ ಮುಖ ಊದಿಸಿಕೊಂಡು ಮನೆಗೆ ಬರುತ್ತಿದ್ದೆ. ಅಕ್ಕ ಹೋಗಿ ಠೀವಿಯಿಂದ ಕೂತಳು.

"ಹೊತ್ತಲ್ಲದ ಹೊತ್ತಲ್ಲಿ ಹೋಗ್ಬೇಕಾಗುತ್ತೆ. ಮಕ್ಕಳನ್ನ ಯಾರು ನೋಡ್ಕೋತಾರೆ?"

ಮ್ಯಾನೇಜರ್ ಕಕ್ಕಾಬಿಕ್ಕಿಯಾದರು. "ಹೆಂಡತಿ ಇದ್ದಾಳಲ್ಲ ಮೇಡಂ!"

ಅಕ್ಕ ಅಧ್ಯಕ್ಷರ ಕಡೆ ತಿರುಗಿದಳು. "ಇವರ ಮಾತು ನಂಬ್ತೀರಿ. ಬೆಳಿಗ್ಗೆ ನನ್ನ ಮಾತು ಯಾಕೆ ನಂಬ್ಲಿಲ್ಲ ಸಾರ್? ಕೆಲಸ ಇವರಿಗೆ ಕೊಡೋದಾದ್ರೆ ಧಾರಾಳವಾಗಿ ಕೊಡಿ. ಕಲಿಸೋಕೆ ಮಾತ್ರ ನನ್ನನ್ನ ಕರೀಬೇಡಿ."

ಮೊದಲು ಎದ್ದವರು ಮ್ಯಾನೇಜರೇ. "ಕಲಿಸೋರೇ ಇಲ್ಲಿರುವಾಗ ನಾನ್ಯಾಕೆ ಸಾರ್?" ಎಂದು ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟರು. ಅವರ ಮೇಲೆ ನನಗೆ ಇವತ್ತಿಗೂ ಗೌರವವಿದೆ.

ಅಧ್ಯಕ್ಷರು ಅಕ್ಕಪಕ್ಕದವರ ಜೊತೆ ಏನೋ ಪಿಸುಗುಟ್ಟಿ, ಗಂಟಲು ಸರಿಮಾಡಿಕೊಂಡರು. "ಸರಿಯಮ್ಮ. ಯಾವತ್ತಿಂದ ಶುರು ಮಾಡ್ತೀರಿ?"

"ಶುರು ಮಾಡಿ ಹದಿನಾಲ್ಕು ವರ್ಷ ಆಯ್ತಲ್ಲ ಸಾರ್" ಎಂದಳು ಅಕ್ಕ.