ಶಂಕ್ರೆಪ್ಪ ಯಾರ ಸಲುವಾಗಿ ಸತ್ತ

ಕುರ್ಲಾದ ಒಂದು ಚಾಳಿನಲ್ಲಿ ವಿಜಾಪುರದ ಕಡೆಯ ಅಂಬವ್ವ ಮಿಲ್ಲಿನ ಗಂಡಸರಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಬದುಕುತ್ತಿದ್ದಳು. ಗಂಡ ಶಂಕ್ರೆಪ್ಪ ೧೯೫೬ರ ಜನವರಿಯ ಗಲಭೆಯಲ್ಲಿ ಗುಂಡು ತಗಲಿ ಸತ್ತಿದ್ದ. ಮುಂಬಯಿ ಮಹಾರಾಷ್ಟ್ರಕ್ಕೇ ಸೇರಬೇಕೆಂದು ಜನ ಬೀದಿಗಿಳಿದಿದ್ದ ದಿನಗಳವು. ಶಂಕ್ರೆಪ್ಪ ಯಾವ ಮೆರವಣಿಗೆಗೂ ಹೋದವನಲ್ಲ. ಪಕ್ಕದ ಖೋಲಿಯ ಮರಾಠಿ ಹೆಣ್ಣು ಸೇವಂತಿಗೆ ಹೆರಿಗೆನೋವು ಶುರುವಾಗಿತ್ತು, ಅವಳ ಗಂಡ ಮೆರವಣಿಗೆಯಲ್ಲಿದ್ದ. ಸೂಲಗಿತ್ತಿಯನ್ನು ಕರೆತರಲು ಓಡಿದ ಶಂಕ್ರೆಪ್ಪ ದಾರಿಯಲ್ಲೇ ಬಿದ್ದ. ಇತ್ತ ಮಗು ಅಂಬವ್ವನ ಕೈಯಲ್ಲೇ ಹುಟ್ಟಿತು. ಅವಳು ಕೈ ತೊಳೆಯುತ್ತಿದ್ದಾಗ ಸುದ್ದಿ ಬಂತು.

ಆಮೇಲೆ ಹಸಿಬಾಣಂತಿ ಸೇವಂತಿಯೇ ಅವಳ ಬಾಯಿಗೆ ತುತ್ತಿಟ್ಟು ಬದುಕಿಸಿದಳು.

ಮರುವರ್ಷ ದೀಪಾವಳಿಯ ಹೊತ್ತಿಗೆ ಕನ್ನಡ ವಾಚನಾಲಯದಲ್ಲಿ ಕನ್ನಡಿಗರ ಹೊಸ ರಾಜ್ಯಕ್ಕೆ ಒಂದು ವರ್ಷ ತುಂಬಿದ ಸಮಾರಂಭದ ತಯಾರಿ ನಡೆದಿತ್ತು. ಚಾಲುಕ್ಯರ ಮೇಲೆ ಭಾಷಣ, ಇತಿಹಾಸದ ಪುಸ್ತಕಗಳ ಪ್ರದರ್ಶನ, ಹುಡುಗಿಯರ ಹಾಡು. ಅಧ್ಯಕ್ಷ ಶಿವಪುತ್ರಪ್ಪ ಬಟ್ಟೆ ವ್ಯಾಪಾರಿ. ಅವನೇ ಅಂಬವ್ವನ ಬಾಗಿಲಿಗೆ ಬಂದ.

"ನಾಡಿನ ಸಲುವಾಗಿ ಜೀವಾ ಕೊಟ್ಟಾವ್ರಿಗೆ ಮಾನಾ ಮಾಡಾವ್ರದೀವಿ, ಅಂಬವ್ವಾ. ಶಂಕ್ರೆಪ್ಪನ ಫೋಟೋಕ್ಕ ಹಾರಾ ಹಾಕ್ತೀವಿ. ನೀ ಬಂದು ಎರಡು ಮಾತು ಹೇಳಬೇಕು."

"ಅವ್ರು ಸೂಲಗಿತ್ತೀನ ಕರಿಯಾಕ ಹೋಗಿದ್ರು, ಸಾವಕಾರ್ರ."

"ಅದನ್ನ ಯಾರು ಕೇಳ್ತಾರ? ಗುಂಡು ಬಿದ್ದದ್ದು ಖರೇ ಹೌದಲ್ಲ?" ಆಮೇಲೆ ದನಿ ತಗ್ಗಿಸಿದ. "ಸಾಲ್ಯಾಗ ಆಯಾನ ಜಾಗಾ ಖಾಲಿ ಐತಿ. ನಾ ಒಂದು ಮಾತು ಹೇಳಿದ್ರ ಆತು."

ಒಲೆಯ ಹೊಗೆಗೆ ಅಂಬವ್ವನ ಕಣ್ಣು ಮಂಜಾಗುತ್ತಾ ಬಂದಿತ್ತು. ಒಪ್ಪಿಕೊಂಡು ಗಂಡನ ಫೋಟೋ ತೆಗೆದುಕೊಟ್ಟಳು.

ಶಂಕ್ರೆಪ್ಪನನ್ನು ಸೇವಂತಿ ಭಾವು, ಅಣ್ಣ, ಎಂದೇ ಕರೆಯುತ್ತಿದ್ದಳು. ಭಾವೂನ ಫೋಟೋಕ್ಕೆ ಹಾರ ಹಾಕುತ್ತಾರೆಂದು ಸೇವಂತಿಯೂ ಮಗುವನ್ನೆತ್ತಿಕೊಂಡು ಹೊರಟಳು. ಬರಬೇಡ ಎನ್ನಲು ಅಂಬವ್ವನಿಗೆ ನಾಲಿಗೆ ಬರಲಿಲ್ಲ. ವೇದಿಕೆಯ ಮೇಲೆ ಶಾಲು ಹೊದ್ದು, ಕಲಿಸಿಕೊಟ್ಟದ್ದನ್ನೇ ಹೇಳಿದಳು: "ನಮ್ಮ ಮನೀಯವ್ರು ಕನ್ನಡ ನಾಡಿನ ಸಲುವಾಗಿ ಜೀವಾ ಬಿಟ್ರು." ಚಪ್ಪಾಳೆ ಬಿತ್ತು. ಚಾಳಿನಲ್ಲಿ ಇಷ್ಟು ವರ್ಷ ಕನ್ನಡ ಕೇಳಿದ್ದ ಸೇವಂತಿಗೆ ಅಷ್ಟೂ ತಿಳಿಯಿತು. ಎದ್ದು ನಡೆದಳು.

ಸಂಜೆ ನಲ್ಲಿಯ ಹತ್ತಿರ ಸೇವಂತಿ ಮರಾಠಿಯಲ್ಲೇ ಕೇಳಿದಳು: "ಸುಳ್ಳು ಯಾಕ ಹೇಳಿದಿ, ಅಂಬಾ?"

"ನೌಕರಿ ಕೊಡಸ್ತೀನಂದ್ರು, ಸೇವಂತಿ. ನನಗೀಗ ಕಣ್ಣು ಕಾಣವಲ್ದು."

"ಭಾವು ನನ್ನ ಸಲುವಾಗಿ ಸತ್ತ. ಈ ಕೂಸಿನ ಮುಖ ನೋಡಿದಾಗೆಲ್ಲ ಅದು ನೆನಪಾಗ್ತದ. ನನ್ನ ಕೇಳದನ ಆ ಸಾವನ್ನ ಅವರಿಗೆ ಕೊಟ್ಟುಬಿಟ್ಟೆಲ್ಲ?"

ಅಂಬವ್ವ ಕೂಸಿನತ್ತ ಕೈ ಚಾಚಿದಳು. ಸೇವಂತಿ ಅದನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಒಳಗೆ ಹೋದಳು. ಅಂದಿನಿಂದ ಚಾಳಿನ ಹೆಂಗಸರು ಅಂಬವ್ವನೊಡನೆ ಮಾತು ಬಿಟ್ಟರು.

ಆಯಾನ ಕೆಲಸ ಶಿವಪುತ್ರಪ್ಪನ ಬೀಗರ ಕಡೆಯವಳಿಗೆ ಹೋಯಿತು. ಅಂಬವ್ವ ಅಂಗಡಿಗೆ ಹೋಗಿ ಕೇಳಿದಾಗ ಅವನು ಬಟ್ಟೆ ಅಳೆಯುವುದನ್ನು ನಿಲ್ಲಿಸಲಿಲ್ಲ.

"ಊರ ಮುಂದ ಮಾನಾ ಸಿಕ್ತಲ್ಲ? ಇನ್ನೇನು ಬೇಕಿತ್ತು ನಿನಗ?"

"ಹಂಗಾದ್ರ ಅವ್ರ ಫೋಟೋ ನನಗ ಕೊಡ್ರಿ. ಇದ್ದದ್ದು ಅದೊಂದ."

"ಅದು ಈಗ ನಿಂದಲ್ಲವ್ವಾ, ನಾಡಿಂದು."

ಮುಂದಿನ ಬೇಸಿಗೆಯಲ್ಲಿ ಅಂಬವ್ವ ಕುರ್ಲಾ ಬಿಟ್ಟು ಜೋಗೇಶ್ವರಿಗೆ ಹೋದಳು. ಅಲ್ಲಿ ಅಂಗಿಯ ಗುಂಡಿ ಮಾಡುವ ಒಂದು ಕಾರ್ಖಾನೆಯಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಜೊತೆಯ ಹೆಂಗಸರು ಗಂಡ ಹೇಗೆ ಸತ್ತನೆಂದು ಕೇಳಿದರೆ, ಜ್ವರ ಬಂದಿತ್ತು ಎನ್ನುತ್ತಿದ್ದಳು.